ಚಪ್ಪಡಿ, ಹೆಂಚು, ತಾರಸಿ

1887ರಲ್ಲಿ ಇಬ್ಬರು ಹುಟ್ಟಿದರು. ಮಾರ್ಚಿನಲ್ಲಿ ನಮ್ಮ ಮುಳಬಾಗಿಲಿನಲ್ಲಿ ಡಿ.ವಿ. ಗುಂಡಪ್ಪನವರು. ಅಕ್ಟೋಬರಿನಲ್ಲಿ ಸ್ವಿಟ್ಜರ್ಲೆಂಡಿನ ಗಡಿಯಾರ ಮಾಡುವವರ ಊರೊಂದರಲ್ಲಿ ಲ ಕಾರ್ಬೂಸಿಯೆ. ಮೊದಲನೆಯವರ ಹೆಸರು ಕೋಲಾರ ಸೀಮೆಯಲ್ಲಿ ಶಾಲೆಗೆ ಹೋಗುವ ಮಕ್ಕಳಿಗೂ ಗೊತ್ತು. ಎರಡನೆಯವರು ಚಂಡೀಗಢ ಕಟ್ಟಿದವರು ಅಂತ ಕೆಲವರಿಗೆ ಗೊತ್ತು, ಅಷ್ಟೆ. ಆದರೆ ಇವತ್ತು ಮುಳಬಾಗಿಲಿನ ಯಾವುದೇ ಹೊಸ ಬಡಾವಣೆಗೆ ಹೋಗಿ ನೋಡಿ. ಅರ್ಧ ಕಟ್ಟಿ ನಿಲ್ಲಿಸಿದ ಮನೆಗಳು ಕಣ್ಣಿಗೆ ಬೀಳುತ್ತವೆ: ನೆಟ್ಟಗೆ ನಿಂತ ಕಾಂಕ್ರೀಟ್ ಕಂಬಗಳು, ಅವುಗಳ ಮೇಲೆ ಚಪ್ಪಟೆ ತಾರಸಿ, ಗೋಡೆ ಇನ್ನೂ ಬಂದಿಲ್ಲ, ಮೇಲಂತಸ್ತಿನ ಆಸೆಗೆ ಕಂಬಿಗಳು ಆಕಾಶಕ್ಕೆ ಚಾಚಿಕೊಂಡಿವೆ. ಕಾರ್ಬೂಸಿಯೆ 1914ರಲ್ಲಿ ಕಾಗದದ ಮೇಲೆ ಬರೆದ ಚಿತ್ರಕ್ಕೂ ಇದಕ್ಕೂ ಆ ಕಂಬಿಗಳನ್ನು ಬಿಟ್ಟರೆ ಹೆಚ್ಚು ವ್ಯತ್ಯಾಸ ಇಲ್ಲ.

ಆ ಚಿತ್ರಕ್ಕೆ ಅವರು ಕೊಟ್ಟ ಹೆಸರು 'ಡೊಮಿನೊ'. ಆರು ಕಂಬ, ಮೂರು ಹಾಸು, ಒಂದು ಮೆಟ್ಟಿಲು. ಮೊದಲ ಮಹಾಯುದ್ಧದ ಶುರುವಿನಲ್ಲೇ ಬೆಲ್ಜಿಯಮ್ಮಿನ ಊರೂರುಗಳು ನೆಲಸಮವಾಗಿದ್ದವು. ಬೇಗ ಬೇಗ, ಕಡಿಮೆ ಖರ್ಚಿನಲ್ಲಿ ಸಾವಿರಾರು ಮನೆ ಎಬ್ಬಿಸಬೇಕಾದರೆ ಏನು ಮಾಡಬೇಕು ಅನ್ನೋ ಪ್ರಶ್ನೆಗೆ ಅದು ಉತ್ತರ. ಭಾರ ಹೊರುವ ಕೆಲಸ ಕಂಬದ್ದು. ಗೋಡೆಗೆ ಆ ಕೆಲಸ ಇಲ್ಲ, ಅದನ್ನು ಎಲ್ಲಿ ಬೇಕಾದರೂ ಇಡಬಹುದು, ತೆಗೆಯಬಹುದು. ಆಧುನಿಕ ವಾಸ್ತುಶಿಲ್ಪದ ಅರ್ಧ ತತ್ತ್ವ ಈ ಒಂದು ಮಾತಿನಲ್ಲಿದೆ.

ಈಗ ನಮ್ಮ ಹಳೆಯ ಕಲ್ಲುಮನೆಯನ್ನು ಪಕ್ಕದಲ್ಲಿಟ್ಟು ನೋಡೋಣ. ಕೋಲಾರ, ಶ್ರೀನಿವಾಸಪುರ, ಮುಳಬಾಗಿಲು ಕಡೆಯ ಹಳ್ಳಿಗಳಲ್ಲಿ ಇನ್ನೂ ಅಲ್ಲಲ್ಲಿ ಉಳಿದಿವೆ. ಒಂದೇ ಕಲ್ಲಿನ ಕಂಬ, ಅದರ ಮೇಲೆ ಬೋದಿಗೆ, ಬೋದಿಗೆ ಮೇಲೆ ಕಲ್ಲಿನ ತೊಲೆ, ತೊಲೆಯಿಂದ ತೊಲೆಗೆ ಹಾಸಿದ ಚಪ್ಪಡಿ, ಮೇಲೆ ಮಣ್ಣು ಅಥವಾ ಗಾರೆ. ಇಲ್ಲಿಯೂ ಭಾರ ಹೊರೋದು ಕಂಬ. ಎಷ್ಟೋ ಮನೆಗಳಲ್ಲಿ ನಡುವಿನ ಗೋಡೆ ಬರೀ ಮಣ್ಣಿನದು, ಬೇಕೆಂದಾಗ ಒಡೆದು ಬೇರೆ ಕಡೆ ಕಟ್ಟಿದ್ದೂ ಉಂಟು. ಹಾಗಂತ 'ಕಾರ್ಬೂಸಿಯೆ ಹೇಳಿದ್ದನ್ನು ನಮ್ಮವರು ಸಾವಿರ ವರ್ಷದ ಹಿಂದೆಯೇ ಮಾಡಿದ್ದರು' ಅಂತ ಎದೆ ತಟ್ಟಿಕೊಳ್ಳೋಕೆ ನಾನು ಇದನ್ನು ಬರೀತಾ ಇಲ್ಲ. ಹೋಲಿಕೆಗಿಂತ ವ್ಯತ್ಯಾಸದಲ್ಲೇ ಇಲ್ಲಿ ಪಾಠ ಇರೋದು.

ಕಲ್ಲಿಗೆ ಒತ್ತಡ ತಡೆಯುವ ಶಕ್ತಿ ಅಪಾರ. ಎಳೆತ ತಡೆಯುವ ಶಕ್ತಿ ಮಾತ್ರ ತೀರಾ ಕಡಿಮೆ. ಎರಡು ತುದಿಗೆ ಆಸರೆ ಕೊಟ್ಟು ಚಪ್ಪಡಿ ಹಾಸಿದರೆ ಅದರ ಮೇಲ್ಮೈ ಒತ್ತಡಕ್ಕೆ ಸಿಗುತ್ತೆ, ಕೆಳಮೈ ಎಳೆತಕ್ಕೆ ಸಿಗುತ್ತೆ. ಉದ್ದ ಹೆಚ್ಚಾದರೆ ಕೆಳಗಿಂದ ಬಿರುಕು ಬಿಟ್ಟು ಒಮ್ಮೆಗೇ ಮುರಿಯುತ್ತೆ. ಆದ್ದರಿಂದಲೇ ಕಲ್ಲುಮನೆಯ ಅಂಕಣಗಳು ಕಿರಿದು, ಕಂಬಗಳು ಹತ್ತಿರ ಹತ್ತಿರ. ಕೋಲಾರಮ್ಮನ ಗುಡಿಯ ಒಳಗೆ ನಿಂತರೂ ಇದೇ ಲೆಕ್ಕ. ಕಾಂಕ್ರೀಟಿನ ಹೊಟ್ಟೆಯಲ್ಲಿ ಕಬ್ಬಿಣದ ಕಂಬಿ ಇದೆ, ಎಳೆತವನ್ನು ಅದು ತಡೆಯುತ್ತೆ. ಹಾಗಾಗಿ ಅಗಲವಾದ ಕೋಣೆ ಸಾಧ್ಯವಾಯಿತು. ಅಂದರೆ ಯಾವ ಸಾಮಗ್ರಿ ಏನು ಮಾಡಬಲ್ಲದೋ ಅದೇ ಕಟ್ಟಡದ ರೂಪವನ್ನು ತೀರ್ಮಾನಿಸಬೇಕು. ಯುರೋಪಿನ ಚಿಂತಕರು ಇದಕ್ಕೆ ಸಾಮಗ್ರಿಯ ಸತ್ಯ ಅಂತ ಹೆಸರಿಟ್ಟರು.

ಈ ವಿಚಾರ ಕಾಂಕ್ರೀಟಿಗಿಂತ ಹಳೆಯದು. 1753ರಲ್ಲಿ ಲೋಜಿಯೆ ಅನ್ನೋ ಫ್ರೆಂಚ್ ಪಾದ್ರಿ ಒಂದು ಪುಸ್ತಕ ಬರೆದ. ಕಾಡಿನಲ್ಲಿದ್ದ ಆದಿಮಾನವನ ಗುಡಿಸಲನ್ನು ನೆನೆದು, ಕಂಬ, ತೊಲೆ, ಇಳಿಜಾರು ಮಾಡು ಈ ಮೂರೇ ನಿಜವಾದ ವಾಸ್ತುಶಿಲ್ಪ, ಮಿಕ್ಕಿದ್ದೆಲ್ಲ ಅಗತ್ಯಕ್ಕೋ ಷೋಕಿಗೋ ಸೇರಿಸಿದ್ದು ಅಂತ ವಾದಿಸಿದ. ರಾಜರ ಅರಮನೆಗಳು ಬಂಗಾರದ ಎಲೆ ಬಳ್ಳಿಗಳಲ್ಲಿ ಮುಳುಗಿದ್ದ ಕಾಲ ಅದು. 1849ರಲ್ಲಿ ಇಂಗ್ಲೆಂಡಿನ ಜಾನ್ ರಸ್ಕಿನ್ ಇದಕ್ಕೆ ನೀತಿಯ ಬಲ ಕೊಟ್ಟ. ಮರಕ್ಕೆ ಬಣ್ಣ ಬಳಿದು ಅಮೃತಶಿಲೆ ಅಂತ ತೋರಿಸೋದು ಅವನ ಪ್ರಕಾರ ಸುಳ್ಳು ಹೇಳಿದ ಹಾಗೆ. ಯಂತ್ರ ಅಚ್ಚೊತ್ತಿದ ಅಲಂಕಾರವೂ ಸುಳ್ಳೇ, ಯಾಕೆಂದರೆ ಅದರಲ್ಲಿ ಮನುಷ್ಯನ ಕೈ ಇಲ್ಲ. ಮುಂದೆ ಬಂದ ಆಧುನಿಕರು ರಸ್ಕಿನ್ನನ ಸತ್ಯವನ್ನು ಇಟ್ಟುಕೊಂಡರು, ಯಂತ್ರದ ಮೇಲಿನ ಅವನ ಸಿಟ್ಟನ್ನು ಬಿಟ್ಟರು.

ಯಂತ್ರದ ಜೊತೆ ರಾಜಿಯಾಗೋದು ಅಂದರೆ ಏನು ಅಂತ ತಿಳಿಯೋಕೆ ಜರ್ಮನಿಗೇ ಹೋಗಬೇಕಾಗಿಲ್ಲ, ಮಾಲೂರಿಗೆ ಹೋದರೂ ಸಾಕು. ಮಾಲೂರಿನ ಇಟ್ಟಿಗೆ, ಹೆಂಚು ಬೆಂಗಳೂರಿನ ಎಷ್ಟು ಮನೆಗಳ ಮೈಮೇಲಿದೆಯೋ ಲೆಕ್ಕ ಇಟ್ಟವರಿಲ್ಲ. ಈ ಹೆಂಚಿನ ಮೂಲಪುರುಷ ಮಂಗಳೂರು ಹೆಂಚು. ಬಾಸೆಲ್ ಮಿಷನ್ನಿನ ಜರ್ಮನ್ ಕುಶಲಕರ್ಮಿ ಜಾರ್ಜ್ ಪ್ಲೆಬ್ಸ್ಟ್ 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ. ಅದಕ್ಕೂ ಮುಂಚೆ ಕುಂಬಾರರು ಮಾಡುತ್ತಿದ್ದ ನಾಡಹೆಂಚು ಒಂದರ ಹಾಗೆ ಇನ್ನೊಂದು ಇರುತ್ತಿರಲಿಲ್ಲ. ಹೊಸ ಹೆಂಚಿಗೆ ಅಚ್ಚು ಬಂತು, ಒಂದರ ಅಂಚು ಇನ್ನೊಂದಕ್ಕೆ ಕಚ್ಚಿಕೊಳ್ಳುವ ಕಾಲುವೆ ಬಂತು. ಒಡೆದದ್ದನ್ನು ತೆಗೆದು ಬೇರೆ ಕಾರ್ಖಾನೆಯದನ್ನೂ ಅಲ್ಲಿ ಕೂರಿಸಬಹುದು.

1914ರಲ್ಲಿ ಕಲೋನ್ ನಗರದಲ್ಲಿ ಜರ್ಮನ್ ವಾಸ್ತುಶಿಲ್ಪಿಗಳು ಇದೇ ವಿಷಯಕ್ಕೆ ಜಗಳ ಆಡಿದರು. ಎಲ್ಲರಿಗೂ ಒಂದೇ ಮಾದರಿ ಇರಬೇಕು, ಅದನ್ನು ಸಾವಿರಗಟ್ಟಲೆ ಚೆನ್ನಾಗಿ ತಯಾರಿಸಬೇಕು ಅಂತ ಮುಥೇಸಿಯಸ್. ಕಲಾವಿದನಿಗೆ ಅಚ್ಚು ತೋರಿಸಬೇಡಿ ಅಂತ ವಾನ್ ಡ ವೆಲ್ಡ. ಆ ಗಳಿಗೆಯಲ್ಲಿ ಸಭೆಯ ಒಲವು ಕಲಾವಿದನ ಕಡೆಗಿತ್ತು, ಹತ್ತು ಹದಿನೈದು ವರ್ಷದಲ್ಲಿ ಗೆದ್ದದ್ದು ಮಾದರಿ. ನಮ್ಮ ಹೆಂಚಿನ ಕಾರ್ಖಾನೆಗಳು ಆ ಜಗಳಕ್ಕೆ ಐವತ್ತು ವರ್ಷ ಮೊದಲೇ ಸದ್ದಿಲ್ಲದೆ ಮಾದರಿಯ ಪಕ್ಷ ಸೇರಿದ್ದವು.

ಇನ್ನು ಅಲಂಕಾರದ ಮಾತು. ವಿಯೆನ್ನಾದ ಅಡಾಲ್ಫ್ ಲೋಸ್ 1910ರ ಹೊತ್ತಿಗೆ ಒಂದು ಭಾಷಣ ಮಾಡಿದ, ಅಲಂಕಾರವನ್ನು ಅಪರಾಧದ ಪಕ್ಕ ನಿಲ್ಲಿಸಿದ. ಅದೇ ಹೊತ್ತಿನಲ್ಲಿ ಅರಮನೆಯ ಎದುರಿಗೇ ಅವನು ಕಟ್ಟಿಸುತ್ತಿದ್ದ ಕಟ್ಟಡದ ಕಿಟಕಿಗಳಿಗೆ ಸುತ್ತು ಕೆತ್ತನೆ ಇಲ್ಲ ಅಂತ ನಗರಾಡಳಿತ ಕೆಲಸ ನಿಲ್ಲಿಸಿತು. ಕೊನೆಗೆ ಕಿಟಕಿಗೆ ಹೂಕುಂಡದ ತೊಟ್ಟಿ ಇಡಿಸಿ ರಾಜಿ ಮಾಡಿಕೊಂಡರು. ಲೋಸನ ವಾದವನ್ನು ಬರೀ ರುಚಿಯ ವಿಷಯ ಅಂದುಕೊಂಡರೆ ತಪ್ಪಾಗುತ್ತೆ, ಅದು ಕೂಲಿಯ ವಿಷಯ. ಅಲಂಕಾರದ ಕೆಲಸಕ್ಕೆ ಆಳು ಹೆಚ್ಚು ಹೊತ್ತು ದುಡಿಯಬೇಕು, ಕೂಲಿ ಮಾತ್ರ ಅಷ್ಟೇ. ಫ್ಯಾಷನ್ ಬದಲಾದರೆ ಆ ದುಡಿಮೆ ಕಸಕ್ಕೆ. ಸಾದಾ ವಸ್ತು ಮಾಡಿದರೆ ಅವನ ದುಡಿಮೆಯ ಹೊತ್ತು ಇಳಿಯುತ್ತೆ.

ಆದರೆ ಅದೇ ಭಾಷಣದಲ್ಲಿ ವಿಷವೂ ಇದೆ. ಪಪುವಾದ ಜನ ಹಚ್ಚೆ ಹಾಕಿಸಿಕೊಂಡರೆ ತಪ್ಪಿಲ್ಲ, ಅವರಿನ್ನೂ ಮಕ್ಕಳ ಹಾಗೆ. ನಾಗರಿಕ ಯುರೋಪಿಯನ್ ಹಾಕಿಸಿಕೊಂಡರೆ ಅವನು ಅಪರಾಧಿ ಅಂತ ಅವನ ತರ್ಕ. ಅಂದರೆ ಮನುಷ್ಯ ಜಾತಿಗೆ ಒಂದು ಏಣಿ ಇದೆ, ಅದರ ತುದಿಯಲ್ಲಿ ವಿಯೆನ್ನಾದ ಬೋಳು ಗೋಡೆ ಇದೆ. ಏಣಿ ಕೆಳಗಿನ ಮೆಟ್ಟಿಲಲ್ಲಿ ನಮ್ಮನ್ನೂ ನಿಲ್ಲಿಸಿದ್ದಾರೆ ಅಂತ ಬೇರೆ ಹೇಳಬೇಕಾಗಿಲ್ಲ. ಇದನ್ನು ಮರೆತು ಆಧುನಿಕತೆಯನ್ನು ಹೊಗಳೋದು ನನ್ನಿಂದ ಆಗದ ಕೆಲಸ. ಹಾಗೇ, ಈ ಒಂದು ಕಾರಣಕ್ಕೆ ಕೂಲಿಯ ಬಗ್ಗೆ ಅವನಾಡಿದ ಮಾತನ್ನು ತಳ್ಳಿ ಹಾಕೋದೂ ಆಗಲ್ಲ.

ಯಾಕೆಂದರೆ ಆ ಮಾತು ನೇರವಾಗಿ ನಮ್ಮ ಬಂಡೆಗಳ ಹತ್ತಿರ ಬರುತ್ತೆ. ಚಪ್ಪಡಿ ಎಬ್ಬಿಸುವ ಹಳೆಯ ವಿಧಾನ ಅದ್ಭುತವಾದದ್ದು. ಬಂಡೆಯ ಮೇಲೆ ಸೌದೆ ಉರಿ ಹಾಕಿ, ಆ ಉರಿಯನ್ನು ಮೆಲ್ಲಗೆ ಸರಿಸುತ್ತಾ ಹೋಗ್ತಾರೆ. ಕಾದ ಮೇಲ್ಪದರ ಹಿಗ್ಗಿ ತಳದ ಬಂಡೆಯಿಂದ ಬಿಡಿಸಿಕೊಳ್ಳುತ್ತೆ. ಸುತ್ತಿಗೆಯಲ್ಲಿ ತಟ್ಟಿದಾಗ ಬರುವ ಸದ್ದಿನಿಂದಲೇ ಎಲ್ಲಿಯವರೆಗೆ ಬಿಟ್ಟಿದೆ ಅಂತ ಗೊತ್ತಾಗುತ್ತೆ. ಆಮೇಲೆ ಸಾಲಾಗಿ ಗುಳಿ ತೋಡಿ, ಉಳಿ ಇಟ್ಟು ಹೊಡೆದು ಬೇಕಾದ ಅಳತೆಗೆ ಸೀಳೋದು. ಬೆಂಗಳೂರಿನ ಬಳಿ ಇದನ್ನು ಕಂಡ ಬ್ರಿಟಿಷ್ ಕಾಲದ ಭೂವಿಜ್ಞಾನಿಗಳು ಬೆರಗಾಗಿ ಬರೆದಿಟ್ಟಿದ್ದಾರೆ. ಈ ವಿದ್ಯೆ ಬಲ್ಲವರು ಹೆಚ್ಚಾಗಿ ಭೋವಿ ಸಮುದಾಯದವರು. ಊರಿಗೆಲ್ಲ ಕಲ್ಲಿನ ಸೂರು ಕೊಟ್ಟ ಈ ಜನ ಬಂಡೆಯಿಂದ ಬಂಡೆಗೆ ಅಲೆಯುತ್ತಾ ಬಹುಪಾಲು ಗುಡಿಸಲಲ್ಲೇ ಬದುಕಿದರು. ಕಲ್ಲಿನ ಪುಡಿ ಶ್ವಾಸಕೋಶಕ್ಕೆ ಇಳಿದು ಬರುವ ಸಿಲಿಕೋಸಿಸ್ ಕಾಯಿಲೆಗೆ ಇವತ್ತಿಗೂ ಗುಣಪಡಿಸುವ ಮದ್ದಿಲ್ಲ. 'ಆಹಾ, ನಮ್ಮ ಹಿರಿಯರ ಕಲ್ಲುಮನೆ' ಅಂತ ಫೋಟೋ ಹಾಕುವಾಗ ಈ ಲೆಕ್ಕವನ್ನೂ ಪಕ್ಕದಲ್ಲಿ ಬರೆಯಬೇಕು. ಸಾಮಗ್ರಿಯ ಸತ್ಯ ಅಂದಮೇಲೆ ಅದನ್ನು ಕಡಿದವನ ಸತ್ಯವೂ ಅದರೊಳಗೆ ಸೇರಿರಬೇಕಲ್ಲವೇ?

ಕೋಲಾರ ಜಿಲ್ಲೆಗೆ ಆಧುನಿಕತೆ ಬಂದದ್ದು ಮನೆಯ ರೂಪದಲ್ಲಿ ಅಲ್ಲ, ಯಂತ್ರದ ರೂಪದಲ್ಲಿ. ಅಮೆರಿಕದ ಲೂಯಿ ಸಲಿವನ್ ರೂಪ ಅನ್ನೋದು ಕೆಲಸವನ್ನು ಹಿಂಬಾಲಿಸಬೇಕು ಅನ್ನೋ ಸೂತ್ರ ಕೊಟ್ಟದ್ದು 1896ರಲ್ಲಿ. ಆರೇ ವರ್ಷಕ್ಕೆ, 1902ರ ಜೂನಿನಲ್ಲಿ, ಶಿವನಸಮುದ್ರದಲ್ಲಿ ಹುಟ್ಟಿದ ವಿದ್ಯುತ್ತು ಸುಮಾರು 147 ಕಿಲೋಮೀಟರ್ ತಂತಿಯಲ್ಲಿ ಹರಿದು ಕೋಲಾರ ಚಿನ್ನದ ಗಣಿಗೆ ಬಂತು. ಬೆಂಗಳೂರಿನ ಬೀದಿಗೆ ದೀಪ ಬಂದದ್ದು 1905ರಲ್ಲಿ. ಜಗತ್ತಿನ ಮುಂಚೂಣಿ ತಂತ್ರಜ್ಞಾನ ನಮ್ಮ ನೆಲದ ಅಡಿಗೆ ಇಳಿಯಿತು. ನೆಲದ ಮೇಲೆ? ದೊರೆಗಳಿಗೆ ಬಂಗಲೆ, ಕ್ಲಬ್ಬು. ಗಣಿಗೆ ಇಳಿಯುವ ಕೂಲಿಗಳಿಗೆ 'ಲೈನು'ಗಳಲ್ಲಿ ಬಿದಿರು ತಟ್ಟಿಯ ಗೂಡುಗಳು. ರೂಪ ಕೆಲಸವನ್ನು ಹಿಂಬಾಲಿಸಿತು ನಿಜ. ಯಾರ ಕೆಲಸವನ್ನು ಅನ್ನೋದು ಪ್ರಶ್ನೆ.

ಆಧುನಿಕ ವಾಸ್ತುಶಿಲ್ಪದ ಮೂರನೆಯ ತತ್ತ್ವ ಹುಟ್ಟಿದ್ದು ಈ ಪ್ರಶ್ನೆಯಿಂದಲೇ, ಬರ್ಲಿನ್, ಫ್ರಾಂಕ್‌ಫರ್ಟ್‌ಗಳ ಕೂಲಿ ಕೇರಿಗಳಲ್ಲಿ. 1929ರಲ್ಲಿ ಫ್ರಾಂಕ್‌ಫರ್ಟಿನಲ್ಲಿ ಸೇರಿದ ವಾಸ್ತುಶಿಲ್ಪಿಗಳ ಸಮ್ಮೇಳನದ ವಿಷಯ ಅರಮನೆಯೂ ಅಲ್ಲ, ಚರ್ಚೂ ಅಲ್ಲ. ಒಬ್ಬ ಬಡ ಕಾರ್ಮಿಕನ ಕುಟುಂಬ ಮರ್ಯಾದೆಯಿಂದ ಬದುಕೋಕೆ ಕನಿಷ್ಠ ಎಷ್ಟು ಜಾಗ, ಬೆಳಕು, ಗಾಳಿ ಬೇಕು? ಸಾವಿರಾರು ವರ್ಷದ ವಾಸ್ತುಶಿಲ್ಪದ ಚರಿತ್ರೆಯಲ್ಲಿ ಈ ವೃತ್ತಿಯ ದೊಡ್ಡ ತಲೆಗಳು ಒಟ್ಟಿಗೆ ಕೂತು ಬಡವನ ಅಡುಗೆಮನೆಯ ಅಳತೆ ತೆಗೆದದ್ದು ಅಪರೂಪದ ಸಂಗತಿ. ನನ್ನ ಮಟ್ಟಿಗೆ ಆಧುನಿಕತೆಯ ನಿಜವಾದ ಬೆಲೆ ಇರೋದು ಇಲ್ಲಿ. ಬೋಳು ಗೋಡೆಯಲ್ಲಿ ಅಲ್ಲ.

ಆ ಬರ್ಲಿನ್ನಿನ ಗಾಳಿ ಮೈಸೂರು ಸಂಸ್ಥಾನಕ್ಕೆ ಒಬ್ಬ ನಿರಾಶ್ರಿತನ ಜೊತೆ ಬಂತು. ಬೌಹೌಸ್ ಕಲಾವಿದರ ಚಿತ್ರಗಳು 1922ರಲ್ಲೇ ಕಲ್ಕತ್ತೆಯಲ್ಲಿ ಪ್ರದರ್ಶನಗೊಂಡಿದ್ದವು, ಆದರೆ ಬಂದದ್ದು ಚಿತ್ರ, ಮನೆಯಲ್ಲ. ಆಟೊ ಕೋನಿಗ್ಸ್‌ಬರ್ಗರ್ 1908ರಲ್ಲಿ ಬರ್ಲಿನ್ನಿನಲ್ಲಿ ಹುಟ್ಟಿದವರು, ಹಾನ್ಸ್ ಪೋಲ್ಸಿಗ್ ಅವರ ಶಿಷ್ಯ. 1933ರಲ್ಲಿ ಪ್ರತಿಷ್ಠಿತ ಶಿಂಕೆಲ್ ಬಹುಮಾನ ಬಂತು, ಅದೇ ವರ್ಷ ನಾಜಿಗಳು ಬಂದರು. ಯಹೂದಿ ಅನ್ನೋ ಕಾರಣಕ್ಕೆ ಸರ್ಕಾರಿ ಕೆಲಸ ಹೋಯಿತು. ಈಜಿಪ್ಟಿನಲ್ಲಿ ಕೆಲವು ವರ್ಷ ಕಳೆದು, 1939ರಲ್ಲಿ ದಿವಾನ್ ಮಿರ್ಜಾ ಇಸ್ಮಾಯಿಲ್ ಅವರ ಕಾಲದಲ್ಲಿ ಮೈಸೂರು ಸಂಸ್ಥಾನದ ಮುಖ್ಯ ವಾಸ್ತುಶಿಲ್ಪಿಯಾಗಿ ಬಂದರು. ಅವರ ಸೋದರಮಾವ ಭೌತವಿಜ್ಞಾನಿ ಮ್ಯಾಕ್ಸ್ ಬಾರ್ನ್, 1935-36ರಲ್ಲಿ ಸಿ.ವಿ. ರಾಮನ್ ಕರೆಗೆ ಓಗೊಟ್ಟು ಬೆಂಗಳೂರಿನ ಟಾಟಾ ವಿಜ್ಞಾನ ಸಂಸ್ಥೆಯಲ್ಲಿ ಕೆಲವು ತಿಂಗಳು ಇದ್ದವರು.

ಮಿರ್ಜಾ ಅವರ ಒಲವು ಕಮಾನು, ಗುಮ್ಮಟಗಳ ಕಡೆಗೆ, ಬಂದವರು ಕಲಿತದ್ದು ಸಾದಾ ಗೆರೆ. ಈ ತಿಕ್ಕಾಟಕ್ಕಿಂತ ದೊಡ್ಡದು ಬಿಸಿಲಿನ ಜೊತೆಗಿನ ತಿಕ್ಕಾಟ. ಬರ್ಲಿನ್ನಿನಲ್ಲಿ ಆಧುನಿಕ ಮನೆ ಅಂದರೆ ಬಿಸಿಲನ್ನು ಒಳಗೆ ಕರೆಯುವ ಮನೆ. ದೊಡ್ಡ ಗಾಜು, ಚಪ್ಪಟೆ ತಾರಸಿ, ಬಿಳೀ ಗೋಡೆ. ಅದೇ ಮನೆಯನ್ನು ಇಲ್ಲಿ ತಂದಿಟ್ಟರೆ ಒಲೆ ಆಗುತ್ತೆ. ರೂಪ ಕೆಲಸವನ್ನು ಹಿಂಬಾಲಿಸಬೇಕು ಅಂದಮೇಲೆ ಇಲ್ಲಿ ಮನೆಯ ಮೊದಲ ಕೆಲಸ ಬಿಸಿಲನ್ನು ಹೊರಗಿಡೋದು. ಟಾಟಾ ಇನ್ಸ್ಟಿಟ್ಯೂಟಿನ ವಿಮಾನಯಾನ ವಿಭಾಗದ ಕಟ್ಟಡ, ಬಸವನಗುಡಿಯ ಕೃಷ್ಣರಾವ್ ಪಾರ್ಕಿನ ಮಂಟಪ ಅವರ ಕೆಲಸ. ಜಮ್‌ಶೆಡ್‌ಪುರ, ಭುವನೇಶ್ವರಗಳ ನಕ್ಷೆಯೂ ಅವರದೇ. ದೇಶ ವಿಭಜನೆಯಾದ ಮೇಲೆ ನೆಹರೂ ಸರ್ಕಾರದಲ್ಲಿ ವಸತಿ ನಿರ್ದೇಶಕರಾದರು. ನಿರಾಶ್ರಿತರಿಗಾಗಿ ದೆಹಲಿಯಲ್ಲಿ ಕಾರ್ಖಾನೆಯಲ್ಲೇ ಮನೆಯ ಬಿಡಿಭಾಗ ತಯಾರಿಸುವ ಯೋಜನೆ ಹಾಕಿದರು. ಡೊಮಿನೊ ಕನಸಿನ ಸರ್ಕಾರಿ ರೂಪ ಅದು. ಯೋಜನೆ ನೆಲ ಕಚ್ಚಿತು. ಅವರು ಲಂಡನ್ನಿಗೆ ಹೋಗಿ ಉಷ್ಣವಲಯದ ವಾಸ್ತುಶಿಲ್ಪ ಪಾಠ ಮಾಡಿದರು. 1974ರಲ್ಲಿ ಸಹಲೇಖಕರ ಜೊತೆ ತಂದ ಅವರ ಪಠ್ಯ ಇವತ್ತಿಗೂ ನಮ್ಮ ವಾಸ್ತುಶಿಲ್ಪ ಕಾಲೇಜುಗಳಲ್ಲಿ ಓದಿನಲ್ಲಿದೆ. ನಿರಾಶ್ರಿತನಾಗಿ ಬಂದವನು ನಿರಾಶ್ರಿತರಿಗೆ ಮನೆ ಕಟ್ಟಲು ಹೋಗಿ ಸೋತ, ಆದರೆ ಹವೆ ಅನ್ನೋದೂ ಒಂದು ತತ್ತ್ವ ಅಂತ ಆ ಶಾಸ್ತ್ರಕ್ಕೆ ಸೇರಿಸಿ ಹೋದ.

ಈ ಪಾಠ ಬೆಂಗಳೂರಿನಿಂದ ಎಪ್ಪತ್ತು ಕಿಲೋಮೀಟರ್ ಆಚೆಯ ಕೋಲಾರಕ್ಕೆ ಬಂತೇ? ಎಪ್ಪತ್ತರ ದಶಕದಿಂದ ಜನತಾ ಮನೆ, 1991-92ರಿಂದ ಆಶ್ರಯ ಮನೆ. ಫ್ರಾಂಕ್‌ಫರ್ಟಿನ ಕನಿಷ್ಠ ಮನೆಯ ವಿಚಾರ ನಮ್ಮ ಹಳ್ಳಿಗೆ ಮುಟ್ಟಿದ್ದು ಇವುಗಳ ಮೂಲಕ. ಒಂದು ಕೋಣೆ, ಒಂದು ಅಡುಗೆ ಮೂಲೆ. ಇದನ್ನು ಗೇಲಿ ಮಾಡೋದು ಸುಲಭ. ಆದರೆ ತಲೆಮಾರುಗಟ್ಟಲೆ ಗುಡಿಸಲಲ್ಲಿ, ಪ್ರತಿ ಬೇಸಿಗೆ ಬೆಂಕಿಗೆ, ಪ್ರತಿ ಮಳೆಗೆ ಸೋರುವ ಗರಿಗೆ ಹೆದರಿ ಬದುಕಿದವರಿಗೆ ತಮ್ಮ ಹೆಸರಿನ ಹಕ್ಕುಪತ್ರ, ಸೋರದ ಸೂರು ಅಂದರೆ ಏನು ಅಂತ ಅವರನ್ನೇ ಕೇಳಬೇಕು. ಕಲ್ಲು ಕಡಿಯುವವರಿಗೆ ಕಲ್ಲುಮನೆ ಕೊಡದ ಊರು, ಸಿಮೆಂಟಿನ ಮನೆಯನ್ನಾದರೂ ಕೊಟ್ಟಿತು.

ನನ್ನ ತಕರಾರು ಬೇರೆ. ಕನಿಷ್ಠ ಅಂದಾಗ ಫ್ರಾಂಕ್‌ಫರ್ಟಿನವರು ಜಾಗದ ಜೊತೆ ಬೆಳಕನ್ನೂ ಗಾಳಿಯನ್ನೂ ಅಳೆದಿದ್ದರು. ನಾವು ಜಾಗ ಮಾತ್ರ ಅಳೆದೆವು. ಕೋಲಾರ ಇರೋದು ಸುಮಾರು 13 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಏಪ್ರಿಲ್ ಕೊನೆಗೆ ಮತ್ತು ಆಗಸ್ಟ್ ಮಧ್ಯಕ್ಕೆ ಸೂರ್ಯ ನೆತ್ತಿಯ ಮೇಲೆ ನೇರ ನಿಲ್ತಾನೆ. ನಮ್ಮ ಮನೆಗೆ ಹೆಚ್ಚು ಕಾವು ಬೀಳೋದು ಸೂರಿನಿಂದ, ಆಮೇಲೆ ಪೂರ್ವ ಪಶ್ಚಿಮದ ಗೋಡೆಯಿಂದ. ಮಾಲೂರು ಹೆಂಚಿನ ಸಂದಿಯಲ್ಲಿ ಬಿಸಿಗಾಳಿ ತಾನಾಗೇ ಹೊರಟು ಹೋಗ್ತಿತ್ತು. ಚಪ್ಪಡಿ ಮತ್ತು ಮಣ್ಣಿನ ದಪ್ಪ ಸೂರು ಹಗಲಿನ ಕಾವನ್ನು ಗಂಟೆಗಟ್ಟಲೆ ತಡೆದು ರಾತ್ರಿ ಬಿಡುತ್ತಿತ್ತು. ಬೇಸಿಗೆಯಲ್ಲಿ ಜನ ಜಗುಲಿ ಮೇಲೆ ಮಲಗುತ್ತಿದ್ದದ್ದು ಬರೀ ಹರಟೆಗಲ್ಲ, ಆ ರಾತ್ರಿಯ ಕಾವಿಗೆ. ಅಂದರೆ ಜಗುಲಿ ಕೂಡ ಆ ಮನೆ ಅನ್ನೋ ಯಂತ್ರದ ಒಂದು ಭಾಗ. ನಾಲ್ಕೈದು ಇಂಚಿನ ತಾರಸಿ ಎರಡನ್ನೂ ಮಾಡಲ್ಲ. ಗಾಳಿಯನ್ನೂ ಬಿಡಲ್ಲ, ಕಾವನ್ನೂ ಬಹಳ ಹೊತ್ತು ತಡೆಯಲ್ಲ. ಮೇಲಾಗಿ ಜಗುಲಿ ಹೋಯಿತು. ಮಧ್ಯಾಹ್ನ ಮೂರಕ್ಕೆ ಶ್ರೀನಿವಾಸಪುರದ ಯಾವುದೇ ಕಾಲೋನಿಯಲ್ಲಿ ಮುದುಕರು ಎಲ್ಲಿ ಕೂತಿರ್ತಾರೆ ನೋಡಿ. ಒಳಗೆ ಅಲ್ಲ, ಹೊಂಗೆ ಮರದ ಕೆಳಗೆ.

ಇನ್ನು ದುಡ್ಡಿರುವವರ ಕಡೆ ಲೋಸನ ಅಲಂಕಾರ ಬೇರೆ ಬಾಗಿಲಿಂದ ಬಂದಿದೆ. ಮೇಸ್ತ್ರಿ ಕೇಳುವ ಮೊದಲ ಪ್ರಶ್ನೆ, 'ಎಲಿವೇಷನ್ ಹೆಂಗಿರಬೇಕು ಸಾರ್?' ಎಲಿವೇಷನ್ ಅಂದರೆ ರಸ್ತೆಗೆ ಕಾಣುವ ಮುಖ. ಅದಕ್ಕೆ ಕಲ್ಲಿನ ಹಾಗೆ ಕಾಣುವ ಟೈಲ್ಸು ಅಂಟಿಸ್ತಾರೆ, ಅದೂ ಬಂಡೆಗಳ ಜಿಲ್ಲೆಯಲ್ಲಿ. ಕೆಡವಿದ ಹಳೇ ಮನೆಯ ನಿಜವಾದ ಕಲ್ಲುಕಂಬ ದ್ರಾಕ್ಷಿ ಚಪ್ಪರಕ್ಕೋ, ತೋಟದ ಬೇಲಿಗೋ, ಬೆಂಗಳೂರಿನ ಯಾವುದೋ ರೆಸಾರ್ಟಿಗೋ ಹೋಗಿರುತ್ತೆ. ರಸ್ಕಿನ್ ಇದನ್ನು ನೋಡಿದ್ದರೆ ಏನನ್ನುತ್ತಿದ್ದ ಅಂತ ಊಹಿಸೋದು ಕಷ್ಟ ಅಲ್ಲ.

ಹಾಗಾದರೆ ಎಲ್ಲರೂ ಕಲ್ಲುಮನೆಗೆ ವಾಪಸ್ ಹೋಗಬೇಕಾ? ನಾನು ಹಾಗೆ ಹೇಳಲ್ಲ. ಅಷ್ಟು ಕಲ್ಲು ಕಡಿಯೋಕೆ ಅಷ್ಟು ಶ್ವಾಸಕೋಶಗಳು ಸವೆಯಬೇಕು. ಕಾಂಕ್ರೀಟೂ ಇರಲಿ, ಕಂಬಿಯೂ ಇರಲಿ. ಆದರೆ ಸರ್ಕಾರದ ಮನೆಯಾಗಲಿ ಸ್ವಂತ ಮನೆಯಾಗಲಿ, ನಕ್ಷೆ ಹಿಡಿದು ಬರುವ ಎಂಜಿನಿಯರನ್ನು ಮೂರು ಪ್ರಶ್ನೆ ಕೇಳೋಣ. ಪಶ್ಚಿಮದ ಗೋಡೆಗೆ ನೆರಳು ಎಲ್ಲಿಂದ ಬರುತ್ತೆ? ಬಿಸಿಗಾಳಿ ಎಲ್ಲಿಂದ ಹೊರಗೆ ಹೋಗುತ್ತೆ? ಸಂಜೆ ಹೊತ್ತು ಕೂರೋಕೆ ಹೊರಗೆ ಎಷ್ಟು ಜಾಗ ಬಿಟ್ಟಿದ್ದೀರಿ? ತಾರಸಿ ಮೇಲೆ ಮಾಲೂರಿನ ಹೆಂಚು ಹೊದಿಸಿ ನಡುವೆ ಒಂದಡಿ ಗಾಳಿ ಬಿಟ್ಟರೂ ಒಳಗಿನ ಸೆಕೆ ಇಳಿಯುತ್ತೆ. ಅದಕ್ಕೆ ಆಗುವ ಖರ್ಚು ಎಲಿವೇಷನ್ ಟೈಲ್ಸಿನ ಖರ್ಚಿಗಿಂತ ಬಹಳ ಹೆಚ್ಚೇನೂ ಆಗಲಿಕ್ಕಿಲ್ಲ. ಕೇಳಿ ನೋಡಿ, ಮೇಸ್ತ್ರಿ ಲೆಕ್ಕ ಹಾಕಿ ಕೊಡ್ತಾರೆ.